ಎಷ್ಟು ದಿನ ಹಿಡೀತು?

ಬೇಲೂರಿನ ಚನ್ನಕೇಶವ ದೇವಾಲಯದ ನವರಂಗಕ್ಕೆ ಕಾಲಿಟ್ಟ ಪ್ರವಾಸಿಗರಿಗೆ ಗೈಡ್ ಮೊದಲು ತೋರಿಸುವುದು ಕಂಬಗಳನ್ನು. ಆಮೇಲೆ ಟಾರ್ಚಿನ ಬೆಳಕು ಮೇಲೆ ಹರಿದು ಮದನಿಕೆಯೊಬ್ಬಳ ಮುಂಗೈ ಮೇಲೆ ನಿಲ್ಲುತ್ತದೆ. ಅವಳ ಬಳೆ ಅಲುಗಾಡುತ್ತದೆ, ಬಳೆಯೂ ಕೈಯೂ ಒಂದೇ ಕಲ್ಲು ಎನ್ನುತ್ತಾರೆ ಅವರು. ಹೊರಗೆ ಬಂದರೆ ಇನ್ನೊಬ್ಬ ಮದನಿಕೆಯ ತಲೆಯ ಮೇಲಿನ ಎಲೆಬಳ್ಳಿಗಳ ನಡುವೆ ಹಲಸಿನ ಹಣ್ಣು, ಅದರ ಮೇಲೊಂದು ನೊಣ, ನೊಣಕ್ಕೆ ಹೊಂಚು ಹಾಕಿದ ಹಲ್ಲಿ. ಕೊನೆಗೆ ಲೆಕ್ಕ ಬರುತ್ತದೆ: ಇಷ್ಟನ್ನು ಕೆತ್ತಲು 103 ವರ್ಷ ಹಿಡಿಯಿತು, ಮೂರು ತಲೆಮಾರು ಸವೆಯಿತು. ಅಲ್ಲಿಯವರೆಗೆ ಮೊಬೈಲ್ ಹಿಡಿದು ಅತ್ತಿತ್ತ ನೋಡುತ್ತಿದ್ದವರೂ ಈ ಮಾತಿಗೆ ಮೂಗಿನ ಮೇಲೆ ಬೆರಳಿಡುತ್ತಾರೆ.

ಆ ಬೆರಗು ನಿಜವಾದದ್ದೇ. ಆದರೆ ಅದು ಹುಟ್ಟಿದ್ದು ಶಿಲ್ಪವನ್ನು ನೋಡಿ ಅಲ್ಲ, ಲೆಕ್ಕವನ್ನು ಕೇಳಿ. ಕನ್ನಡಿ ಹಿಡಿದು ನಿಂತ ಸುಂದರಿಯ ಮೈಭಾರ ಯಾವ ಕಾಲಿನ ಮೇಲಿದೆ, ಅದಕ್ಕೆ ಸೊಂಟ ಎತ್ತ ಬಾಗಿದೆ, ಆ ಬಾಗಿಗೆ ಕತ್ತು ಹೇಗೆ ಉತ್ತರ ಕೊಟ್ಟಿದೆ ಎಂದು ನೋಡಲು ಎರಡು ನಿಮಿಷವಾದರೂ ಸುಮ್ಮನೆ ನಿಲ್ಲಬೇಕು. ಗುಂಪಿಗೆ ಅಷ್ಟು ಹೊತ್ತು ಸಿಗುವುದಿಲ್ಲ. 103 ವರ್ಷ ಎಂಬ ಮಾತು ಆ ಹೊತ್ತನ್ನು ತುಂಬಿಕೊಡುತ್ತದೆ. ವಿಷ್ಣುವರ್ಧನ ಇಲ್ಲಿ ದೇವರನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ ಎಂದು ಶಾಸನ ಹೇಳುತ್ತದೆ. ಕೆಲಸ ಆಮೇಲೂ, ಅವನ ಮಗ ಮತ್ತು ಮೊಮ್ಮಗನ ಕಾಲದಲ್ಲೂ ನಡೆದಿದೆ. ವರ್ಷಗಳ ಮೊತ್ತ ಏನೇ ಇರಲಿ, ಅದನ್ನು ಕೇಳಿದ ಮೇಲೆ ಶಿಲ್ಪ ಇನ್ನಷ್ಟು ಚೆಂದ ಕಾಣಿಸತೊಡಗುತ್ತದೆ ಎಂಬುದು ಮಾತ್ರ ಗಟ್ಟಿ.

ಹೊಯ್ಸಳರ ಬಳಪದ ಕಲ್ಲಿನ ಕತೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಗಣಿಯಿಂದ ತೆಗೆದ ಹೊಸತರಲ್ಲಿ ಆ ಕಲ್ಲು ಮೆತ್ತಗಿರುತ್ತದೆ, ಉಳಿಗೆ ಸುಲಭವಾಗಿ ಒಗ್ಗುತ್ತದೆ. ಗಾಳಿಗೆ ಬಿದ್ದು ವರ್ಷಗಳು ಕಳೆದಂತೆ ಗಟ್ಟಿಯಾಗುತ್ತದೆ. ಬೆಣಚುಕಲ್ಲಿನಲ್ಲಿ ನೆನೆಸಲೂ ಆಗದ ಎಳೆಎಳೆ ಕೆಲಸ ಈ ಕಲ್ಲಿನಲ್ಲಿ ಸಾಧ್ಯವಾದದ್ದು ಹೀಗೆ. ಜನ ಕೈಯಾಡಿಸಿ ನೋಡುವ ಆ ನುಣುಪಾದ ಕಂಬಗಳನ್ನು ಕಡೆದದ್ದು ಕಲ್ಲನ್ನೇ ತಿರುಗಿಸುವ ಚರಕಿಯಲ್ಲಿ, ಕುಶಲಕರ್ಮಿ ಮರದ ತುಂಡನ್ನು ತಿರುಗಿಸಿ ಕಡೆಯುವ ರೀತಿಯಲ್ಲೇ. ಅಂದರೆ ಯಾವ ಹೊಳಪನ್ನು ನಾವು ಮಹಾಶ್ರಮದ ಗುರುತೆಂದು ಕೊಂಡಾಡುತ್ತೇವೋ ಅದು ಶ್ರಮ ಉಳಿಸಲು ಕಂಡುಕೊಂಡ ಉಪಾಯದ ಫಲ. ಬಲ್ಲಿಗಾವೆಯ ದಾಸೋಜ, ಅವನ ಮಗ ಚಾವಣ, ಸೋಮನಾಥಪುರದಲ್ಲಿ ಕೆಲಸ ಮಾಡಿದ ಮಲ್ಲಿತಮ್ಮ ತಮ್ಮ ಹೆಸರನ್ನು ಶಿಲ್ಪಗಳ ಕೆಳಗೆ ಕೊರೆದಿದ್ದಾರೆ. ಬೇಲೂರಿನಲ್ಲಿ ಹೆಸರಿನ ಜೊತೆ ಊರಿದೆ, ಎದುರಾಳಿ ಶಿಲ್ಪಿಗಳನ್ನು ಮಣಿಸಿದವನು ಎಂಬ ಅರ್ಥದ ಬಿರುದುಗಳಿವೆ. ಅವರ ಹೆಮ್ಮೆ ಕೈಗುಣದ ಮೇಲಿತ್ತು. ಎಷ್ಟು ದಿನ ಉಳಿ ಹಿಡಿದೆವು ಎಂದು ಹೇಳಿಕೊಳ್ಳುವ ಅಗತ್ಯ ಅವರಿಗೆ ಕಂಡಂತಿಲ್ಲ.

ಬೇಲೂರಿನಂತೆಯೇ ಹಾಸನ ಜಿಲ್ಲೆಯಲ್ಲಿರುವ ಶ್ರವಣಬೆಳಗೊಳಕ್ಕೆ ಬಂದರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. 57 ಅಡಿಯ ಗೊಮ್ಮಟ ನಿಂತಿರುವುದು ಗಟ್ಟಿ ಬೆಣಚುಕಲ್ಲಿನಲ್ಲಿ. ಗಂಗರ ಮಂತ್ರಿ ಚಾವುಂಡರಾಯ 10ನೇ ಶತಮಾನದ ಕೊನೆಯಲ್ಲಿ ಬೆಟ್ಟದ ತುದಿಯ ಬಂಡೆಯಲ್ಲೇ ಅದನ್ನು ಕೆತ್ತಿಸಿದ. ಮೈಮೇಲೆ ಒಡವೆ ಇಲ್ಲ, ಬಟ್ಟೆ ಇಲ್ಲ, ಕಾಲ ಬಳಿಯ ಹುತ್ತ ಮತ್ತು ತೋಳಿಗೆ ಹಬ್ಬಿದ ಬಳ್ಳಿ ಬಿಟ್ಟರೆ ಕಣ್ಣು ತಡೆದು ನಿಲ್ಲಿಸುವ ಒಂದು ಗೆರೆಯೂ ಇಲ್ಲ. ತೊಡೆಯಿಂದ ಮೇಲಕ್ಕೆ ಹಿಂದೆ ಆಧಾರವೂ ಇಲ್ಲ. ಅಲ್ಲಿ ಬಿದ್ದ ಬೆವರೆಲ್ಲ ತೆಗೆದುಹಾಕಿದ ಕಲ್ಲಿನ ಜೊತೆಗೇ ಹೋಗಿದೆ. ಉಳಿದದ್ದನ್ನು ಉಜ್ಜಿ ಉಜ್ಜಿ ಉಳಿಯ ಗಾಯವೂ ಕಾಣದಂತೆ ಮಾಡಿದ್ದಾರೆ. ಬೇಲೂರಿನಲ್ಲಿ ಅಂಗುಲಕ್ಕೊಂದು ಕೆತ್ತನೆ ತೋರಿಸಿ ಬೆರಗು ಹುಟ್ಟಿಸುವ ಗೈಡ್‌ಗೆ ಇಲ್ಲಿ ತೋರಿಸಲು ಅಂಥದ್ದೇನೂ ಸಿಗುವುದಿಲ್ಲ. ಹಾಗಾಗಿ ಎತ್ತರ ಹೇಳುತ್ತಾರೆ, ಬೆರಳಿನ ಉದ್ದ ಹೇಳುತ್ತಾರೆ. 12ನೇ ಶತಮಾನದ ಬೊಪ್ಪಣ ಪಂಡಿತ ಈ ಮೂರ್ತಿಯನ್ನು ಕುರಿತು ಬರೆದ ಶಾಸನಕಾವ್ಯದಲ್ಲಿ ಬೇರೆಯದೇ ನೋಟವಿದೆ. ಎತ್ತರವಿದ್ದಲ್ಲಿ ಚೆಲುವು ಇರುವುದು ಕಷ್ಟ, ಎರಡೂ ಇದ್ದಲ್ಲಿ ದೈವಿಕತೆ ಬರುವುದು ಕಷ್ಟ, ಇಲ್ಲಿ ಮೂರೂ ಕೂಡಿವೆ ಎಂಬುದು ಅವನ ಮಾತಿನ ಸಾರ. ನೋಡುಗನಾಗಿ ಬೊಪ್ಪಣ ನನಗೆ ದೊಡ್ಡವನಾಗಿ ಕಾಣುವುದು ಇದಕ್ಕೇ: ಅವನ ಕಣ್ಣು ಶ್ರಮದ ಲೆಕ್ಕ ಕೇಳದೆ ಮೂರ್ತಿಯನ್ನೇ ನೋಡಿದೆ.

ಶ್ರಮದ ಸುದ್ದಿ ಕೇಳಿದರೆ ನಮ್ಮ ಕಣ್ಣು ಬದಲಾಗುತ್ತದೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ಜಸ್ಟಿನ್ ಕ್ರೂಗರ್ ಮತ್ತು ಸಂಗಡಿಗರು ಪ್ರಯೋಗ ಮಾಡಿಯೇ ತೋರಿಸಿದರು. ಅವರ ಪ್ರಬಂಧ 2004ರಲ್ಲಿ ಪ್ರಕಟವಾಯಿತು. ಒಂದೇ ಕವಿತೆಯನ್ನು ಓದಲು ಕೊಟ್ಟು, ಕೆಲವರಿಗೆ ಇದನ್ನು ಬರೆಯಲು ಕವಿಗೆ 4 ಗಂಟೆ ಹಿಡಿಯಿತೆಂದೂ ಉಳಿದವರಿಗೆ 18 ಗಂಟೆ ಹಿಡಿಯಿತೆಂದೂ ಹೇಳಿದರು. 18 ಗಂಟೆ ಎಂದು ನಂಬಿದವರಿಗೆ ಅದೇ ಕವಿತೆ ಹೆಚ್ಚು ಒಳ್ಳೆಯದಾಗಿ ಕಂಡಿತು. ಒಬ್ಬ ಕಲಾವಿದೆಯ ಎರಡು ಚಿತ್ರಗಳನ್ನು ತೋರಿಸಿ, ಒಂದಕ್ಕೆ 4 ಗಂಟೆ, ಇನ್ನೊಂದಕ್ಕೆ 26 ಗಂಟೆ ಎಂದರು. ಇನ್ನೊಂದು ಗುಂಪಿಗೆ ಅದನ್ನೇ ತಿರುವುಮುರುವು ಮಾಡಿ ಹೇಳಿದರು. ಯಾವುದಕ್ಕೆ 26 ಗಂಟೆ ಎಂದರೋ ಅದರ ಕಡೆಗೇ ಜನರ ಒಲವು ವಾಲಿತು. ಕಲೆ ನಮಗೆ ಗೊತ್ತು ಎಂದು ಹೇಳಿಕೊಂಡವರೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ಮೂರನೆಯ ಪ್ರಯೋಗ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಮಧ್ಯಯುಗದ ಆಯುಧ, ಕವಚಗಳ ಚಿತ್ರಗಳನ್ನು ಕೆಲವರಿಗೆ ಸ್ಪಷ್ಟವಾಗಿಯೂ ಕೆಲವರಿಗೆ ಮಸುಕಾಗಿಯೂ ತೋರಿಸಿದರು. ಚಿತ್ರ ಮಸುಕಾದಷ್ಟೂ ಗಂಟೆಗಳ ಮಾತಿಗೆ ಬಲ ಹೆಚ್ಚಿತು. ಕಣ್ಣಿಗೆ ತೀರ್ಮಾನ ಸಿಗದಿದ್ದಾಗ ಕಿವಿಗೆ ಬಿದ್ದ ಗಂಟೆಗಳನ್ನು ನಾವು ಅಳತೆಗೋಲು ಮಾಡಿಕೊಳ್ಳುತ್ತೇವೆ ಎಂದಾಯಿತು.

ಇದೇ ಅಳತೆಗೋಲು ಒಮ್ಮೆ ಕೋರ್ಟಿನ ಕಟಕಟೆ ಹತ್ತಿತ್ತು. 1877ರಲ್ಲಿ ಲಂಡನ್ನಿನ ಗ್ರೋವನರ್ ಗ್ಯಾಲರಿಯಲ್ಲಿ ಜೇಮ್ಸ್ ವಿಸ್ಲರ್ ಎಂಬ ಅಮೆರಿಕನ್ ಚಿತ್ರಕಾರ ಒಂದು ಚಿತ್ರ ಇಟ್ಟ. ಥೇಮ್ಸ್ ನದಿ ದಂಡೆಯ ಕ್ರೆಮೋರ್ನ್ ಉದ್ಯಾನದಲ್ಲಿ ರಾತ್ರಿ ಬಾಣ ಬಿರುಸು ಸಿಡಿದು ಕಿಡಿಗಳು ಕತ್ತಲೆಗೆ ಉದುರುವ ದೃಶ್ಯ. ಬಹುಪಾಲು ಕಪ್ಪು, ಅಲ್ಲಲ್ಲಿ ಚಿನ್ನದ ಚುಕ್ಕೆ. ಬೆಲೆ 200 ಗಿನಿ. ಅಂದಿನ ಇಂಗ್ಲೆಂಡಿನ ಅತಿದೊಡ್ಡ ಕಲಾವಿಮರ್ಶಕ ಜಾನ್ ರಸ್ಕಿನ್ ಅದನ್ನು ನೋಡಿ ಸಿಟ್ಟಿಗೆದ್ದ. ಜನರ ಮುಖಕ್ಕೆ ಒಂದು ಮಡಕೆ ಬಣ್ಣ ಎರಚಿ 200 ಗಿನಿ ಕೇಳುವ ಧಾರ್ಷ್ಟ್ಯ ಎಂಬ ಅರ್ಥದಲ್ಲಿ ಬರೆದ. ವಿಸ್ಲರ್ 1,000 ಪೌಂಡ್ ಮಾನನಷ್ಟ ಕೇಳಿ ದಾವೆ ಹೂಡಿದ. 1878ರ ನವೆಂಬರ್ 25 ಮತ್ತು 26ರಂದು ವಿಚಾರಣೆ ನಡೆಯಿತು. ರಸ್ಕಿನ್ ಕಾಯಿಲೆಯಿಂದ ಬರಲಿಲ್ಲ. ಅವನ ಪರ ನಿಂತವನು ಅಟಾರ್ನಿ ಜನರಲ್ ಜಾನ್ ಹೋಕರ್.

ಹೋಕರ್ ಕೇಳಿದ್ದು ನಾವು ಸಂತೆಯಲ್ಲಿ ಕೇಳುವ ಪ್ರಶ್ನೆಯನ್ನೇ. ಇದನ್ನು ಬಿಡಿಸಲು ಎಷ್ಟು ಹೊತ್ತು ಹಿಡಿಯಿತು? ಒಂದು ದಿನ ಬಿಡಿಸಿರಬಹುದು, ಮರುದಿನ ಅಲ್ಲಿಲ್ಲಿ ತಿದ್ದಿರಬಹುದು ಎಂದ ವಿಸ್ಲರ್. ಹಾಗಾದರೆ ಎರಡು ದಿನದ ದುಡಿಮೆಗೆ 200 ಗಿನಿ ಕೇಳುತ್ತಿದ್ದೀರಾ? ಇಲ್ಲ, ಒಂದು ಜೀವಮಾನವಿಡೀ ಗಳಿಸಿದ ತಿಳಿವಳಿಕೆಗೆ ಕೇಳುತ್ತಿದ್ದೇನೆ ಎಂದು ಅವನು ಉತ್ತರಿಸಿದ. ಕೋರ್ಟಿನಲ್ಲಿ ಚಪ್ಪಾಳೆ ಬಿತ್ತು.

ಉತ್ತರ ಚುರುಕಾಗಿದ್ದದ್ದು ಮಾತ್ರವಲ್ಲ, ನಿಜವೂ ಆಗಿತ್ತು. ವಿಸ್ಲರ್ ರಾತ್ರಿಯ ಹೊತ್ತು ಥೇಮ್ಸ್ ದಂಡೆಯಲ್ಲಿ ನಿಂತು ಒಂದು ದೃಶ್ಯವನ್ನು ದಿಟ್ಟಿಸುತ್ತಿದ್ದ. ಆಮೇಲೆ ಅದಕ್ಕೆ ಬೆನ್ನು ಹಾಕಿ, ಜೊತೆಗಿದ್ದವನಿಗೆ ಬಾಯಿಪಾಠ ಒಪ್ಪಿಸುವಂತೆ ವಿವರಗಳನ್ನು ಹೇಳುತ್ತಿದ್ದ: ದೀಪ ಎಲ್ಲಿದೆ, ಅದರ ಪ್ರತಿಬಿಂಬ ಎಷ್ಟು ಉದ್ದ, ಆಕಾಶ ನೀರಿಗಿಂತ ಎಷ್ಟು ತಿಳಿ. ತಪ್ಪಿದರೆ ತಿರುಗಿ ಮತ್ತೆ ನೋಡುವುದು. ಚಿತ್ರಕ್ಕೆ ಕೈ ಹಚ್ಚುವುದು ಮರುದಿನ. ಬಣ್ಣವನ್ನು ನೀರಿನಷ್ಟು ತೆಳುವಾಗಿ ಕಲಸಿಕೊಳ್ಳುತ್ತಿದ್ದ. ಒಪ್ಪದಿದ್ದರೆ ಪೂರ್ತಿ ಒರೆಸಿ ಮೊದಲಿನಿಂದ ಶುರು. ದುಡಿಮೆಯ ಜಾಡು ಕ್ಯಾನ್ವಾಸಿನ ಮೇಲೆ ಕಾಣಬಾರದು ಎಂಬುದು ಅವನ ನಿಲುವು. ರಸ್ಕಿನ್ ಕಡೆಯವರಿಗೆ ಬೇಕಾಗಿದ್ದದ್ದು ಅದೇ ಜಾಡು. ಪರಿಪೂರ್ಣ ಕೆಲಸವೆಂದರೆ ಏನು ಎಂದು ತೋರಿಸಲು ಅವರು ಟಿಷಿಯನ್ ಬರೆದನೆಂದು ಹೇಳಲಾದ ಒಂದು ಹಳೆಯ ಭಾವಚಿತ್ರವನ್ನು ಕೋರ್ಟಿಗೇ ಹೊತ್ತು ತಂದರು. ಚಿತ್ರಕಾರ ಬರ್ನ್-ಜೋನ್ಸ್ ರಸ್ಕಿನ್ ಪರ ಸಾಕ್ಷಿ ಹೇಳುತ್ತ, ವಿಸ್ಲರ್‌ಗೆ ಬಣ್ಣದ ಪ್ರತಿಭೆ ಇದೆ, ಆದರೆ ಚಿತ್ರ ಪೂರ್ತಿಯಾಗಿಲ್ಲ ಎಂದ.

ಜ್ಯೂರಿ ವಿಸ್ಲರ್ ಗೆದ್ದ ಎಂದಿತು, ಪರಿಹಾರವಾಗಿ ಒಂದೇ ಒಂದು ಫಾರ್ದಿಂಗ್ ಕೊಡಿಸಿತು. ಪೆನ್ನಿಯ ಕಾಲುಭಾಗ. ಕೋರ್ಟಿನ ಖರ್ಚೂ ಸಿಗಲಿಲ್ಲ. 1879ರಲ್ಲಿ ಅವನು ದಿವಾಳಿಯೆದ್ದ, ಚೆಲ್ಸಿಯ ಮನೆ ಮಾರಾಟವಾಯಿತು. ಅದೇ ಚಿತ್ರ 1892ರಲ್ಲಿ 800 ಗಿನಿಗೆ ಹೋಯಿತು. ಈಗ ಅಮೆರಿಕದ ಡೆಟ್ರಾಯಿಟ್ ಕಲಾಸಂಗ್ರಹಾಲಯದಲ್ಲಿದೆ.

ನಮ್ಮವರೇ ಆದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೋಡಿದಾಗ ನನಗೆ ಈ ಕೋರ್ಟು ನೆನಪಾಗುತ್ತದೆ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿ ಮುಂಬೈಯಲ್ಲಿ ನೆಲೆನಿಂತ ಹೆಬ್ಬಾರರು ನರ್ತಕಿಯನ್ನು ನಾಲ್ಕಾರು ಗೆರೆಗಳಲ್ಲಿ ನಿಲ್ಲಿಸಬಲ್ಲವರಾಗಿದ್ದರು. ಗೆರೆ ಎಲ್ಲೂ ತಡವರಿಸುವುದಿಲ್ಲ, ಅಲ್ಲಲ್ಲಿ ತುಂಡಾಗಿ ಕಾಗದದ ಬಿಳುಪಿನಲ್ಲೇ ಮುಂದುವರಿಯುತ್ತದೆ. ಬಿಡಿಸಲು ಹಿಡಿದದ್ದು ಕೆಲವೇ ಕ್ಷಣ ಇರಬೇಕು. ಆ ಗೆರೆಗೆ ಲಯ ಬೇಕೆಂದು ಅವರು ಗುರುಗಳ ಬಳಿ ಕಥಕ್ ಕಲಿತವರು. ಹಿಮ್ಮಡಿ ನೆಲಕ್ಕೆ ತಾಗಿದಾಗ ಹೆಗಲಿಗೆ ಏನಾಗುತ್ತದೆ ಎಂಬುದು ಅವರ ಮೈಗೇ ಗೊತ್ತಿತ್ತು. ಆ ಕಲಿಕೆಯ ಗಂಟೆಗಳನ್ನು ಯಾವ ಚಿತ್ರದ ಖಾತೆಗೆ ಬರೆಯುವುದು? ಸಂಗೀತ ಕಚೇರಿಯಲ್ಲೂ ಹೀಗೇ ಆಗುತ್ತದೆ. ವೇಗದ ತಾನಿಗೆ ಬೀಳುವ ಚಪ್ಪಾಳೆ, ಸುಮ್ಮನೆ ಹಚ್ಚಿ ನಿಲ್ಲಿಸಿದ ಷಡ್ಜಕ್ಕೆ ಬೀಳುವುದಿಲ್ಲ. ಬಲ್ಲವರಿಗೆ ಗೊತ್ತು, ಆ ಷಡ್ಜಕ್ಕೆ ಹಿಡಿದ ವರ್ಷಗಳು ಹೆಚ್ಚು.

ಕಾನೂನು ಈ ವಿಷಯದಲ್ಲಿ ಕೊನೆಗೆ ವಿಸ್ಲರ್ ಕಡೆಗೇ ಸರಿಯಿತು ಎನ್ನಬಹುದು. ಬೆವರು ಸುರಿಸಿದ್ದಕ್ಕೇ ಕೃತಿಸ್ವಾಮ್ಯ ಕೊಡುವ ವಾದ ಇಂಗ್ಲಿಷ್ ಕಾನೂನಿನಲ್ಲಿ ಬಹುಕಾಲ ನಡೆಯಿತು. ಟೆಲಿಫೋನ್ ಡೈರೆಕ್ಟರಿಯೊಂದರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1991ರಲ್ಲಿ ಅದನ್ನು ತಳ್ಳಿಹಾಕಿತು. ಹೆಸರು, ನಂಬರುಗಳನ್ನು ಎಷ್ಟೇ ಕಷ್ಟಪಟ್ಟು ಕಲೆಹಾಕಿದರೂ ಅದರಲ್ಲಿ ಸ್ವಂತದ್ದೊಂದು ಕಿಡಿ ಇರಬೇಕು ಎಂದಿತು. ನಮ್ಮ ಸುಪ್ರೀಂ ಕೋರ್ಟ್ ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ 2007ರ ಡಿಸೆಂಬರ್‌ನಲ್ಲಿ ಹತ್ತಿರ ಹತ್ತಿರ ಅದೇ ದಾರಿ ಹಿಡಿಯಿತು: ಬರೀ ದುಡಿಮೆ ಮತ್ತು ಬಂಡವಾಳ ಸಾಲದು, ಕೌಶಲ ಮತ್ತು ವಿವೇಚನೆಯ ಗುರುತು ಬೇಕು.

ಈ ಪ್ರಶ್ನೆ ಈಗ ಕಂಪ್ಯೂಟರಿನ ಚಿತ್ರಗಳ ಮೂಲಕ ಮತ್ತೆ ಬಾಗಿಲು ತಟ್ಟಿದೆ. 2022ರಲ್ಲಿ ಅಮೆರಿಕದ ಕೊಲರಾಡೊ ರಾಜ್ಯದ ಮೇಳದಲ್ಲಿ ಜೇಸನ್ ಅಲೆನ್ ಎಂಬಾತ ಮಿಡ್‌ಜರ್ನಿ ಎಂಬ ಎಐ ತಂತ್ರಾಂಶದಿಂದ ತೆಗೆಸಿದ ಚಿತ್ರಕ್ಕೆ ಡಿಜಿಟಲ್ ಕಲೆಯ ವಿಭಾಗದಲ್ಲಿ ಮೊದಲ ಬಹುಮಾನ ಬಂತು. ಕಲಾವಿದರು ಸಿಡಿದೆದ್ದರು. ಕೃತಿಸ್ವಾಮ್ಯದ ಕಚೇರಿಯ ಮುಂದೆ ಆತ ಮುಂದಿಟ್ಟ ವಾದ ಕುತೂಹಲದ್ದು. ಚಿತ್ರ ತನ್ನ ಕಲ್ಪನೆಯದು ಎಂದು ಸಾಧಿಸಲು ಕನಿಷ್ಠ 624 ಬಾರಿ ಸೂಚನೆ ಬರೆದು ತಿದ್ದಿದ್ದೇನೆ ಎಂದು ಲೆಕ್ಕ ಒಪ್ಪಿಸಿದ. 2023ರ ಸೆಪ್ಟೆಂಬರ್‌ನಲ್ಲಿ ಕಚೇರಿ ಅದನ್ನು ಒಪ್ಪಲಿಲ್ಲ. ಯಂತ್ರದ ಚಿತ್ರದ ಮುಂದೆ ಜನರಿಗೆ ಆಗುವ ಇರುಸುಮುರುಸು ಬರೀ ಗಂಟೆಗಳದ್ದಲ್ಲ ಎಂದೇ ನನಗನಿಸುತ್ತದೆ. ಅಲ್ಲಿ ಯಾರೂ ನದಿಯ ದಂಡೆಯಲ್ಲಿ ಚಳಿಗೆ ನಿಂತು ಕತ್ತಲೆಯನ್ನು ಬಾಯಿಪಾಠ ಮಾಡಿಲ್ಲ. ನೋಡಿದವರ ಅನುಭವ ಅದರ ಹಿಂದಿಲ್ಲ. ಆ ಕೊರತೆಯನ್ನು ಹೇಳಲು ಬೇರೆ ಮಾತು ಸಿಗದೆ ಜನ "ಇದಕ್ಕೇನು ಕಷ್ಟ" ಎನ್ನುತ್ತಾರೆ.

ಇಷ್ಟು ಹೊತ್ತು ವಿಸ್ಲರ್ ಪರ ವಾದಿಸಿದಂತಾಯಿತು. ಆದರೆ ರಸ್ಕಿನ್‌ನನ್ನು ಮೊಂಡ ವಿಮರ್ಶಕನೆಂದು ತಳ್ಳಿಹಾಕಿ ಮುಂದೆ ಹೋಗುವುದು ಅನ್ಯಾಯ. ವಿಸ್ಲರ್‌ನನ್ನು ಬೈದ ಆ ಬರಹ ಬಂದದ್ದು ಬ್ರಿಟನ್ನಿನ ದುಡಿಯುವ ಜನರಿಗೆಂದೇ ಅವನು ಹೊರಡಿಸುತ್ತಿದ್ದ ಪತ್ರಮಾಲೆಯಲ್ಲಿ. ದಿನವಿಡೀ ದುಡಿದು ಹೊಟ್ಟೆ ತುಂಬದವರಿಗೆ ಬರೆಯುತ್ತ ಅವನು 200 ಗಿನಿಯ ಮಾತೆತ್ತಿದ್ದ. ಅದಕ್ಕೂ ಸುಮಾರು 25 ವರ್ಷ ಮೊದಲೇ ವೆನಿಸ್ ನಗರದ ಕಟ್ಟಡಗಳನ್ನು ಕುರಿತ ಗ್ರಂಥದಲ್ಲಿ ಗಾಜಿನ ಮಣಿಗಳ ಬಗ್ಗೆ ಬರೆದಿದ್ದ. ಉದ್ದನೆಯ ಗಾಜಿನ ಕಡ್ಡಿಗಳನ್ನು ಮಣಿಯ ಅಳತೆಗೆ ಕತ್ತರಿಸುವವರು ಬೆಳಗಿನಿಂದ ಸಂಜೆಯವರೆಗೆ ಅದೊಂದೇ ಕೆಲಸ ಮಾಡುತ್ತಾರೆ, ಅವರ ಕೈ ನಡುಗುತ್ತಲೇ ಇರುತ್ತದೆ, ಬುದ್ಧಿಗೆ ಅಲ್ಲಿ ಜಾಗವೇ ಇಲ್ಲ. ಅಂಥ ಮಣಿ ಕೊಳ್ಳುವ ಹೆಣ್ಣುಮಗಳು ಗುಲಾಮರ ವ್ಯಾಪಾರದಲ್ಲಿ ಪಾಲುದಾರಳು ಎಂದ. ಒಂದು ವಸ್ತುವಿನ ಚೆಲುವನ್ನು ನೋಡುವಾಗ ಅದನ್ನು ಮಾಡಿದವರ ಬದುಕು ಹೇಗಿತ್ತು ಎಂದೂ ಕೇಳಬೇಕೆಂಬ ಒತ್ತಾಯ ಅವನದು. ಕಲಾವಿಮರ್ಶೆಯಲ್ಲಿ ಆ ಪ್ರಶ್ನೆಯನ್ನು ಅಷ್ಟು ಗಟ್ಟಿಯಾಗಿ ಕೇಳಿದವರು ಕಡಿಮೆ.

1860ರಲ್ಲಿ ಅವನು ಬರೆದ 'ಅನ್ ಟು ದಿಸ್ ಲಾಸ್ಟ್' ಲೇಖನಗಳ ಹೆಸರು ಬೈಬಲ್ಲಿನ ಒಂದು ಕತೆಯಿಂದ ಬಂದದ್ದು. ದ್ರಾಕ್ಷಿ ತೋಟಕ್ಕೆ ಬೆಳಿಗ್ಗೆಯೇ ಬಂದ ಕೂಲಿಗೂ, ಹೊತ್ತು ಮುಳುಗಲು ಇನ್ನೊಂದು ಗಂಟೆ ಇರುವಾಗ ಬಂದ ಕೂಲಿಗೂ ಯಜಮಾನ ಒಂದೇ ಸಂಬಳ ಕೊಡುವ ಕತೆ. ದುಡಿದವನು ಬದುಕಬೇಕು, ಕೂಲಿ ಅದಕ್ಕೆ ಸಾಲಬೇಕು ಎಂಬುದು ಅದರ ಒಳದನಿ. ಗಂಟೆಗಳಾಚೆಗೆ ಇಷ್ಟು ದೂರ ನೋಡಬಲ್ಲವನು ಹದಿನೇಳು ವರ್ಷದ ಮೇಲೆ ಒಂದು ಚಿತ್ರದ ಮುಂದೆ ನಿಂತು ಅದರ ಹಿಂದಿದ್ದ ಕಲಿಕೆಯನ್ನು ಕಾಣದೇ ಹೋದ. ಗಾಂಧೀಜಿ 1904ರಲ್ಲಿ ಜೊಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೋಗುವ ರೈಲಿನಲ್ಲಿ ಈ ಪುಸ್ತಕವನ್ನು ಕೆಳಗಿಡದೆ ಓದಿದರು. ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಬೆಲೆ ಒಂದೇ ಎಂದು ಅದರಿಂದ ಕಲಿತೆನೆಂದು ಆತ್ಮಕಥೆಯಲ್ಲಿ ಬರೆದುಕೊಂಡರು, 1908ರಲ್ಲಿ ಅದರ ಸಾರವನ್ನು 'ಸರ್ವೋದಯ' ಎಂಬ ಹೆಸರಿನಲ್ಲಿ ಗುಜರಾತಿಗೆ ಇಳಿಸಿದರು.

ಆ ಪಾಠ ಪುಸ್ತಕದಲ್ಲೇ ಉಳಿಯಲಿಲ್ಲ. 1935ರಲ್ಲಿ ಖಾದಿ ಮಾರಾಟವಾಗುತ್ತಿತ್ತು. ನೂಲುವ ಹೆಂಗಸರಿಗೆ ಸಿಗುತ್ತಿದ್ದದ್ದು ಮಾತ್ರ ಕಾಸುಗಳು. ನೂಲುವವರಿಗೆ ಬದುಕಲು ಸಾಲುವ ಕೂಲಿ ಕೊಡಲೇಬೇಕೆಂದು ಗಾಂಧೀಜಿ ಪಟ್ಟು ಹಿಡಿದರು. ಎಂಟು ಗಂಟೆಯ ದುಡಿಮೆಗೆ ಎಂಟಾಣೆ ಅವರ ಆಸೆಯಾಗಿತ್ತು. ಖಾದಿ ದುಬಾರಿಯಾದೀತು, ಕೊಳ್ಳುವವರು ಓಡಿಹೋದಾರು ಎಂದು ಕಾರ್ಯಕರ್ತರು ಹೆದರಿದರು. ಕೊನೆಗೆ ಅಖಿಲ ಭಾರತ ಚರಕಾ ಸಂಘ ಕೂಲಿ ಏರಿಸುವ ನಿರ್ಣಯ ಮಾಡಿತು, ಎಂಟಾಣೆಗಿಂತ ತೀರಾ ಕೆಳಗಿನಿಂದಲೇ ಶುರುವಾದರೂ. ನಾನು ಹೇಳಬೇಕೆಂದಿರುವುದು ಇಲ್ಲಿದೆ. ಶ್ರಮದ ಲೆಕ್ಕ ಸೇರಬೇಕಾದ ಜಾಗ ಕೂಲಿಯ ಪುಸ್ತಕ. ಕಲೆ ಚೆಂದವೋ ಅಲ್ಲವೋ ಎಂದು ತೀರ್ಮಾನಿಸಲು ನಾವು ಆ ಲೆಕ್ಕವನ್ನು ಎಳೆದು ತರುತ್ತೇವೆ, ಹಣ ಕೊಡುವ ಹೊತ್ತಿಗೆ ಅದನ್ನು ಮಡಚಿ ಒಳಗಿಡುತ್ತೇವೆ.

ಧಾರವಾಡದ ಕಸೂತಿಯಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಕಸೂತಿ ಹಾಕುವಾಕೆ ಬಟ್ಟೆಯ ಮೇಲೆ ಪೆನ್ಸಿಲ್ಲಿನಿಂದ ಚಿತ್ರ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಹಾಸು, ಹೊಕ್ಕಿನ ಎಳೆಗಳನ್ನೇ ಎಣಿಸುತ್ತ ಹೋಗುತ್ತಾಳೆ. ದಾರಕ್ಕೆ ಗಂಟು ಹಾಕುವಂತಿಲ್ಲ; ತುದಿಯನ್ನು ಹೊಲಿಗೆಯ ಅಡಿಯಲ್ಲೇ ಮರೆಸಬೇಕು. ಗವಂತಿ ಹೊಲಿಗೆಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಗೆರೆ ಮೂಡುತ್ತದೆ, ಮರಳಿ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಮುಗಿದಾಗ ಬಟ್ಟೆಯ ಮೇಲುಗಡೆ, ಕೆಳಗಡೆ ಎರಡೂ ಒಂದೇ. ಮುರ್ಗಿಯದು ಮೆಟ್ಟಿಲು ಮೆಟ್ಟಿಲಾಗಿ ಏರುವ ನಡೆ, ನೇಯ್ಗೆ ಹೊಲಿಗೆ ನೇಯ್ದ ಅಂಚಿನ ಹಾಗೆ ಕಾಣುತ್ತದೆ, ಮೆಂತ್ಯೆ ತುಂಬುಗೆಲಸ.

ತುಳಸಿಕಟ್ಟೆಯೊಂದನ್ನು ಗವಂತಿಯಲ್ಲಿ ಹಾಕುವುದನ್ನು ಹತ್ತಿರದಿಂದ ನೋಡಬೇಕು. ಬುಡದಿಂದ ಹೊರಟ ದಾರ ಒಂದು ಮೆಟ್ಟಿಲು ಏರಿ, ಪಕ್ಕದ ಸಣ್ಣ ಚೌಕಕ್ಕೆ ತಿರುಗಿ, ಅದನ್ನು ಸುತ್ತಿ ಕವಲಿಗೆ ಮರಳಬೇಕು. ಪ್ರತಿ ಕವಲಿನಲ್ಲೂ ಹೀಗೆ ಹೋಗಿ ಬಂದು, ಕೊನೆಗೆ ಇಡೀ ಚಿತ್ರದ ಖಾಲಿ ಜಾಗಗಳು ಹಿಂದಿರುಗುವ ದಾರಿಯಲ್ಲೇ ತುಂಬಬೇಕು. ಸೂಜಿ ಮೊದಲ ಸಲ ಬಟ್ಟೆಗೆ ಇಳಿಯುವ ಮೊದಲೇ ಆ ದಾರಿಯೆಲ್ಲ ಆಕೆಯ ತಲೆಯಲ್ಲಿ ಇರಬೇಕು. ಎಲ್ಲೋ ಒಂದು ಎಳೆ ಎಣಿಕೆ ತಪ್ಪಿದರೆ ಅಲ್ಲಿ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಕೊನೆಯಲ್ಲಿ, ಎರಡು ಗೆರೆಗಳು ಒಂದನ್ನೊಂದು ಮುಟ್ಟದೆ ನಿಂತಾಗ. ಆಗ ಬಿಚ್ಚುವುದೊಂದೇ ದಾರಿ. ಕೈ ಪಳಗಿದವರು ಬಿಚ್ಚುವ ಪ್ರಸಂಗ ತಂದುಕೊಳ್ಳುವುದಿಲ್ಲ. ಅಮ್ಮನಿಂದಲೋ ಅಜ್ಜಿಯಿಂದಲೋ ಚಿಕ್ಕಂದಿನಲ್ಲೇ ಕಲಿತು, ಗೋಪುರ, ತೇರು, ಅಂಬಾರಿ ಆನೆ, ನವಿಲು ಎಲ್ಲದರ ದಾರಿಯನ್ನು ಬಾಯಿಪಾಠ ಮಾಡಿಕೊಂಡವರು ಅವರು.

ಇಂಥ ಕಸೂತಿ ಹಾಕಿದ ಸೀರೆ ಮೇಳದ ಮಳಿಗೆಗೆ ಬರುತ್ತದೆ. "ಎಷ್ಟ ದಿನಾ ಹಿಡೀತ್ರಿ ಇದಕ್ಕ?" ಎಂದು ಕೇಳುತ್ತಾರೆ. "ತಿಂಗಳಾ ಆತ್ರಿ" ಎಂದರೆ "ಅಬ್ಬಬ್ಬಾ!" ಎಂಬ ಮೆಚ್ಚುಗೆ ಬರುತ್ತದೆ. ಬೆಲೆ ಕೇಳಿದ ಮೇಲೆ "ಭಾಳಾತ್ರಿ, ಕಡಿಮಿ ಮಾಡ್ರಿ" ಎಂಬ ಚೌಕಾಶಿ ಶುರುವಾಗುತ್ತದೆ. "ನಾಕ ದಿನಾ" ಎಂದಿದ್ದರೆ ಮೆಚ್ಚುಗೆಯೂ ಇರುತ್ತಿರಲಿಲ್ಲ. ಇಲ್ಲಿ ಪಳಗಿದ ಕೈಗೆ ಎರಡು ಕಡೆಯಿಂದ ಪೆಟ್ಟು. ಬೇಗ ಹಾಕಿದರೆ ಕೆಲಸ ಹಗುರವೆಂದು ಬೆಲೆ ಇಳಿಯುತ್ತದೆ. ತಡವಾದರೆ ತುಂಡಿನ ಲೆಕ್ಕದ ಕೂಲಿಯಲ್ಲಿ ದಿನದ ಗಳಿಕೆ ಇಳಿಯುತ್ತದೆ. ವಿಸ್ಲರ್‌ಗೆ ಉತ್ತರ ಹೇಳಲು ಒಂದು ಕೋರ್ಟು, ಬರೆದುಕೊಳ್ಳಲು ಪತ್ರಕರ್ತರು ಇದ್ದರು. ಜೀವಮಾನದ ತಿಳಿವಳಿಕೆಗೆ ಬೆಲೆ ಕೊಡಿ ಎಂದು ಕಸೂತಿ ಹಾಕುವಾಕೆ ಹೇಳುವುದಾದರೂ ಯಾರಿಗೆ? ಎಷ್ಟೋ ಸಲ ಆಕೆ ಮಳಿಗೆಯಲ್ಲಿ ಇರುವುದೇ ಇಲ್ಲ. ಬಟ್ಟೆ, ದಾರ ಮನೆಗೆ ಬರುತ್ತವೆ, ಹಾಕಿದ ಸೀರೆ ಮನೆಯಿಂದ ಹೋಗುತ್ತದೆ. ನಡುವೆ ಒಲೆ, ನೀರು, ಮಕ್ಕಳ ಶಾಲೆ. ಮಧ್ಯಾಹ್ನದ ಬಿಡುವಿನಲ್ಲಿ ಬಾಗಿಲ ಬಳಿಯ ಬೆಳಕಿಗೆ ಕೂತು ಎಳೆ ಎಣಿಸುವುದು. ಹೀಗೆ ಚೂರುಚೂರಾಗಿ ಹೋದ ಹೊತ್ತನ್ನು ಎಂಟು ಗಂಟೆಯ ದಿನಗಳಾಗಿ ಕೂಡಿಸಿ ಹೇಳೆಂದರೆ ಆಕೆಗೂ ಕಷ್ಟ. ಮನೆಗೆಲಸದ ನಡುವಿನ ಕೆಲಸವೆಂದರೆ ಬಿಡುವಿನ ಹವ್ಯಾಸ ಎಂದು ತಿಳಿಯುವ ನಮ್ಮ ರೂಢಿಯೂ ಕೂಲಿ ಏರದಿರಲು ಕಾರಣ.

ಇತ್ತ ಕಂಪ್ಯೂಟರ್ ಎಂಬ್ರಾಯ್ಡರಿ ಯಂತ್ರ ಅದೇ ತುಳಸಿಕಟ್ಟೆಯನ್ನು ಕೆಲವೇ ನಿಮಿಷದಲ್ಲಿ ಹಾಕುತ್ತದೆ, ಪ್ರಿಂಟ್ ಮಾಡಿದ ಕಸೂತಿಯೂ ಅಂಗಡಿಗೆ ಬಂದಿದೆ. ಬಟ್ಟೆ ತಿರುವಿ ಹಾಕಿದರೆ ಸತ್ಯ ಗೊತ್ತಾಗುತ್ತದೆ. ಯಂತ್ರದ ಹೊಲಿಗೆಗೆ ಕೆಳಗಿನಿಂದ ಬಾಬಿನ್ ದಾರ ಬೇಕು, ಹಿಂಬದಿ ಅದರಿಂದ ತುಂಬಿಕೊಂಡಿರುತ್ತದೆ. ಗವಂತಿಯ ಎರಡೂ ಬದಿ ಶುದ್ಧ. ಕೈಕಸೂತಿಯನ್ನು ಮೆಚ್ಚಲು ಇದೊಂದು ಒಳ್ಳೆಯ ಕಾರಣ, ಏಕೆಂದರೆ ಇದು ಗಂಟೆಗಳ ಮಾತಲ್ಲ, ಬಟ್ಟೆಯ ಮೇಲೇ ಕಾಣುವ ಗುಣ. ಎರಡೂ ಬದಿಗೆ ಮರ್ಯಾದೆ ಕೊಟ್ಟ ಗೆರೆಯಲ್ಲಿ, ಗಂಟಿಲ್ಲದ ತುದಿಯಲ್ಲಿ, ತಲೆಯಲ್ಲೇ ಹಾಕಿಕೊಂಡ ದಾರಿಯಲ್ಲಿ ಈ ಕಲೆಯ ಚೆಲುವಿದೆ.

ಕೂಲಿಯ ಮಾತಿಗೆ ಬಂದರೆ ದಿನಗಳ ಪ್ರಶ್ನೆಯನ್ನು ಖಂಡಿತ ಕೇಳಬೇಕು, ಪೂರ್ತಿಯಾಗಿ ಕೇಳಬೇಕು. ಕಸೂತಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ, ಕೈಮಗ್ಗದ ಬಟ್ಟೆಗೆ ಹ್ಯಾಂಡ್‌ಲೂಮ್ ಮಾರ್ಕ್ ಇದೆ, ರೇಷ್ಮೆಗೆ ಸಿಲ್ಕ್ ಮಾರ್ಕ್ ಇದೆ. ಊರು, ನೂಲು, ಮಗ್ಗ ಎಲ್ಲದಕ್ಕೂ ಸಾಕ್ಷಿ ಹೇಳುವ ಗುರುತುಗಳು ಇವು. ಹಾಕಿದವರಿಗೆ ಎಷ್ಟು ಸಂದಿತು ಎಂಬುದಕ್ಕೆ ಈ ಗುರುತುಗಳಲ್ಲಿ ಜಾಗವಿಲ್ಲ. ಸರ್ಕಾರದ್ದೇ ಮಾರಾಟ ಮಳಿಗೆಗಳು, ಸರ್ಕಾರದ್ದೇ ದುಡ್ಡಿನಲ್ಲಿ ನಡೆಯುವ ಕರಕುಶಲ ಮೇಳಗಳು ಇವೆ. ಬೆಲೆಚೀಟಿಯಲ್ಲಿ ಹಾಕಿದಾಕೆಯ ಹೆಸರು, ಹಿಡಿದ ದಿನ, ಕೊಟ್ಟ ಕೂಲಿ ಈ ಮೂರನ್ನೂ ಬರೆಯುವುದನ್ನು ಅಲ್ಲಿಂದಲೇ ಶುರು ಮಾಡಬಹುದು. ಕೊಳ್ಳುವವರು ಕೂಲಿಯನ್ನು ದಿನಗಳಿಂದ ಭಾಗಿಸಿ, ಅದೇ ಜಿಲ್ಲೆಯಲ್ಲಿ ಹೊಲದ ಕೆಲಸಕ್ಕೆ ದಿನಕ್ಕೆ ಎಷ್ಟು ನಡೆಯುತ್ತಿದೆ ಎಂದು ವಿಚಾರಿಸಲಿ. ಕಸೂತಿ ಹಾಕುವವರ ಹೆಣ್ಣುಮಕ್ಕಳು ಯಾಕೆ ಸೂಜಿ ಬಿಟ್ಟು ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾರೆ ಎಂಬುದಕ್ಕೆ ಉತ್ತರ ಆ ಭಾಗಾಕಾರದಲ್ಲಿ ಸಿಗುತ್ತದೆ.